ಇರಿಡಿಯಂ ಪ್ಲಗ್ ಹಾಕಿದರೆ ಕಾರಿನ ಪವರ್ ಹೆಚ್ಚುತ್ತದೆಯೇ? ಫಾರ್ವರ್ಡ್‌ಗಳು ಹೇಳದೆ ಬಿಡುವ ಮುಖ್ಯ ವಿಷಯ

ಕಾರು ಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಈ ಮಾತನ್ನು ಒಮ್ಮೆಯಾದರೂ ಓದಿರುತ್ತೀರಿ: ಕಂಪನಿ ಕೊಟ್ಟ ಸ್ಪಾರ್ಕ್ ಪ್ಲಗ್ ತೆಗೆದು ಇರಿಡಿಯಂ ಪ್ಲಗ್ ಹಾಕಿಸಿ, ಪಿಕಪ್ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ, ಎಂಜಿನ್ ತಣ್ಣಗಿರುತ್ತದೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತೂ ಓಡಾಡುತ್ತಿದೆ: ವಿದ್ಯುತ್ ಹರಿಸುವುದರಲ್ಲಿ ತಾಮ್ರವನ್ನು ಮೀರಿಸುವುದಿಲ್ಲ, ಹಾಗಾಗಿ ಪರ್ಫಾರ್ಮೆನ್ಸ್ ಕಾರಿಗೆ ತಾಮ್ರದ ಪ್ಲಗ್ಗೇ ಬೇಕು, ಇರಿಡಿಯಂ ಎನ್ನುವುದೆಲ್ಲ ದುಡ್ಡು ಕೀಳುವ ದಾರಿ.

ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಎರಡೂ ನಿಮ್ಮ ಗಮನವನ್ನು ತಪ್ಪು ಕಡೆ ತಿರುಗಿಸುತ್ತವೆ. ಚುಟುಕಾಗಿ ಹೇಳಬೇಕೆಂದರೆ, ಪ್ಲಗ್‌ನ ತುದಿಯ ಲೋಹ ಯಾವುದು ಎಂಬುದು ಆ ಪ್ಲಗ್ ಎಷ್ಟು ದಿನ ಬಾಳುತ್ತದೆ, ಎಷ್ಟು ಸುಲಭವಾಗಿ ಕಿಡಿ ಹಾರಿಸುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ನಿಮ್ಮ ಎಂಜಿನ್ ಉಳಿಯುತ್ತದೆಯೇ ಇಲ್ಲವೇ ಎಂಬುದು ಬೇರೆ ಎರಡು ಅಂಶಗಳನ್ನು ಹೆಚ್ಚು ಅವಲಂಬಿಸಿದೆ: ಹೀಟ್ ರೇಂಜ್ ಮತ್ತು ಗ್ಯಾಪ್. ಟರ್ಬೊ ಕಾರಿಗೆ ರೀಮ್ಯಾಪ್ ಮಾಡಿಸಿದವರು ಈ ಎರಡನ್ನು ಮರೆತು ಲೋಹದ ಹೆಸರನ್ನಷ್ಟೇ ನೋಡಿದರೆ, ಉಳಿಸಿದ ಕೆಲವು ನೂರು ರೂಪಾಯಿಯ ಜಾಗದಲ್ಲಿ ಪಿಸ್ಟನ್ನನ್ನೇ ಕಳೆದುಕೊಳ್ಳಬಹುದು. ಹೇಗೆ ಎಂದು ಒಂದೊಂದಾಗಿ ನೋಡೋಣ.

ಸ್ಪಾರ್ಕ್ ಪ್ಲಗ್ ಮಾಡುವ ಎರಡು ಕೆಲಸ

ಮೊದಲ ಕೆಲಸ ಎಲ್ಲರಿಗೂ ಗೊತ್ತು. ಇಗ್ನಿಷನ್ ಕಾಯಿಲ್‌ನಿಂದ ಬರುವ ಹತ್ತಾರು ಸಾವಿರ ವೋಲ್ಟ್ ವಿದ್ಯುತ್, ಪ್ಲಗ್‌ನ ಮಧ್ಯದ ಎಲೆಕ್ಟ್ರೋಡ್‌ನಿಂದ ಹೊರಗಿನ ಬಾಗಿದ ಎಲೆಕ್ಟ್ರೋಡ್‌ಗೆ ಜಿಗಿಯುತ್ತದೆ. ಆ ಕಿಡಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸುತ್ತದೆ.

ಎರಡನೇ ಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ಪ್ಲಗ್‌ನ ತುದಿ ಬೆಂಕಿಯೊಳಗೇ ಕೂತಿರುತ್ತದೆ. ಅದು ಹೀರಿಕೊಂಡ ಶಾಖವನ್ನು ಪಿಂಗಾಣಿಯ ಮೂಲಕ, ಲೋಹದ ಹೊರಕವಚದ ಮೂಲಕ, ಮರೆ ಅಂದರೆ ಥ್ರೆಡ್‌ಗಳ ಮೂಲಕ ಸಿಲಿಂಡರ್ ಹೆಡ್‌ಗೆ ದಾಟಿಸಬೇಕು. ಈ ಕೆಲಸ ಕೆಟ್ಟರೆ ಕಿಡಿ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪ್ಲಗ್ ಎಷ್ಟು ದುಡಿಯುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಹಾಕೋಣ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು ಕಿಡಿ ಬೇಕು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಪ್ರತಿ ಪ್ಲಗ್ 1,000 ಕಿಡಿ ಹಾರಿಸುತ್ತದೆ. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ 20,000 ಕಿ.ಮೀ. ಓಡಿಸಲು 500 ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಒಂದೊಂದು ಪ್ಲಗ್ ಹಾರಿಸಿದ ಕಿಡಿಗಳ ಸಂಖ್ಯೆ ಮೂರು ಕೋಟಿ. ಪ್ರತಿ ಕಿಡಿಯೂ ತುದಿಯ ಲೋಹದಿಂದ ಕಣ್ಣಿಗೆ ಕಾಣದಷ್ಟು ಚೂರನ್ನು ಕಿತ್ತೊಯ್ಯುತ್ತದೆ. ಲೋಹದ ಆಯ್ಕೆ ಮುಖ್ಯವಾಗುವುದು ಇಲ್ಲೇ.

'ತಾಮ್ರದ ಪ್ಲಗ್' ನಿಜಕ್ಕೂ ತಾಮ್ರದ್ದೇ?

ಅಲ್ಲ. ಅಂಗಡಿಯಲ್ಲಿ ತಾಮ್ರದ ಪ್ಲಗ್ ಎಂದು ಕೊಡುವ ಪ್ಲಗ್‌ನಲ್ಲಿ ತಾಮ್ರ ಇರುವುದು ಮಧ್ಯದ ಎಲೆಕ್ಟ್ರೋಡ್‌ನ ಒಳತಿರುಳಿನಲ್ಲಿ. ಕಿಡಿ ಹಾರುವ ತುದಿ ನಿಕಲ್ ಮಿಶ್ರಲೋಹದ್ದು. ತಾಮ್ರ 1,085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಮೆತ್ತಗಿನ ಲೋಹ ಬೇರೆ. ಅದನ್ನೇ ತುದಿಗೆ ಹಾಕಿದರೆ ಬೇಗ ಸವೆದು ಹೋಗುತ್ತದೆ. ನಿಕಲ್ ಕರಗುವುದು 1,455 ಡಿಗ್ರಿಗೆ. ತಾಮ್ರವನ್ನು ಒಳಗೆ ಇಟ್ಟಿರುವುದು ಮುಖ್ಯವಾಗಿ ಶಾಖವನ್ನು ಬೇಗ ಹೊರಗೆ ಸಾಗಿಸಲಿ ಎಂದು.

ಇನ್ನೊಂದು ಸಂಗತಿ: ಇವತ್ತಿನ ಪ್ಲಾಟಿನಂ, ಇರಿಡಿಯಂ ಪ್ಲಗ್‌ಗಳ ಒಳಗೂ ಸಾಮಾನ್ಯವಾಗಿ ಇದೇ ತಾಮ್ರದ ತಿರುಳಿರುತ್ತದೆ. ಹಾಗಾಗಿ ತಾಮ್ರವೋ ಇರಿಡಿಯಮ್ಮೋ ಎಂಬ ಜಗಳವೇ ಅರ್ಧ ತಪ್ಪು ತಿಳಿವಳಿಕೆ. ನಿಜವಾದ ಪ್ರಶ್ನೆ, ತುದಿ ನಿಕಲ್‌ನದೋ ಇರಿಡಿಯಂನದೋ ಎಂಬುದು.

ತಾಮ್ರ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಅದಕ್ಕೇ ಕಿಡಿ ಬಲವಾಗಿರುತ್ತದೆ ಎಂಬ ವಾದವನ್ನೂ ಪರಿಶೀಲಿಸೋಣ. ಇಂದಿನ ಕಾರುಗಳ ಪ್ಲಗ್‌ಗಳ ಒಳಗೆ ಬೇಕೆಂದೇ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಕಿಡಿಯಿಂದ ಏಳುವ ರೇಡಿಯೊ ಅಲೆಗಳು ಕಾರಿನ ಇಸಿಯು ಮತ್ತು ಆಡಿಯೊಗೆ ತೊಂದರೆ ಕೊಡಬಾರದು ಎಂಬುದು ಇದರ ಉದ್ದೇಶ. ಅದರ ರೋಧ ಸುಮಾರು 5,000 ಓಮ್. ಎಲೆಕ್ಟ್ರೋಡ್‌ನ ಲೋಹ ಒಡ್ಡುವ ರೋಧ ಒಂದು ಓಮ್‌ನ ಸಣ್ಣ ಅಂಶ ಮಾತ್ರ. ಐದು ಸಾವಿರದ ಪಕ್ಕದಲ್ಲಿ ಆ ಚೂರು ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ವಿದ್ಯುತ್ ಹರಿವಿನ ಕಾರಣಕ್ಕೆ ತಾಮ್ರ ಮೇಲು ಎಂಬ ವಾದ ನಿಲ್ಲುವುದಿಲ್ಲ.

ಹಾಗಾದರೆ ಪ್ಲಾಟಿನಂ, ಇರಿಡಿಯಂ ಯಾಕೆ?

ಪ್ಲಾಟಿನಂ ಕರಗುವುದು 1,768 ಡಿಗ್ರಿಗೆ, ಇರಿಡಿಯಂ 2,446 ಡಿಗ್ರಿಗೆ. ಇರಿಡಿಯಂ ತುಂಬಾ ಗಟ್ಟಿ ಲೋಹ, ಕಿಡಿಯ ಹೊಡೆತಕ್ಕೆ ನಿಧಾನವಾಗಿ ಸವೆಯುತ್ತದೆ. ಇದರಿಂದ ಎರಡು ಲಾಭ.

ಒಂದು, ಬಾಳಿಕೆ. ನಿಕಲ್ ತುದಿಯ ಪ್ಲಗ್‌ಗಳನ್ನು ಸಾಮಾನ್ಯ ಕಾರಿನಲ್ಲಿ 20ರಿಂದ 30 ಸಾವಿರ ಕಿ.ಮೀ.ಗೆ ಬದಲಿಸಬೇಕಾಗುತ್ತದೆ. ಒಳ್ಳೆಯ ಪ್ಲಾಟಿನಂ, ಇರಿಡಿಯಂ ಪ್ಲಗ್‌ಗಳು ಅದರ ಎರಡು ಮೂರು ಪಟ್ಟು ದೂರ ಬರುತ್ತವೆ, ಕೆಲವು ಲಕ್ಷ ಕಿ.ಮೀ. ಹತ್ತಿರ ಹೋಗುತ್ತವೆ.

ಎರಡು, ತುದಿಯನ್ನು ಸೂಜಿಯಂತೆ ತೆಳ್ಳಗೆ ಮಾಡಬಹುದು. ಸಾಮಾನ್ಯ ನಿಕಲ್ ಎಲೆಕ್ಟ್ರೋಡ್‌ನ ದಪ್ಪ ಸುಮಾರು 2.5 ಮಿ.ಮೀ. ಎನ್‌ಜಿಕೆ ಕಂಪನಿಯ ಇರಿಡಿಯಂ ಐಎಕ್ಸ್ ಪ್ಲಗ್‌ನಲ್ಲಿ ತುದಿ 0.6 ಮಿ.ಮೀ., ಡೆನ್ಸೊ ಕಂಪನಿಯ ಇರಿಡಿಯಂ ಪವರ್ ಪ್ಲಗ್‌ನಲ್ಲಿ 0.4 ಮಿ.ಮೀ. ಮಾತ್ರ. ಎತ್ತರದ ಚೂಪು ತುದಿಗೆ ಸಿಡಿಲು ಸುಲಭವಾಗಿ ಬಡಿಯುವ ಹಾಗೆ, ಚೂಪಾದ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜ್‌ಗೇ ಹಾರುತ್ತದೆ. ಜೊತೆಗೆ ತೆಳುವಾದ ತುದಿ, ಆಗಷ್ಟೇ ಹುಟ್ಟಿದ ಪುಟ್ಟ ಜ್ವಾಲೆಯ ಶಾಖವನ್ನು ಹೆಚ್ಚು ಕಸಿದುಕೊಳ್ಳುವುದಿಲ್ಲ. ಹಾಗಾಗಿ ಬೆಂಕಿ ಬೇಗ ಹಿಡಿಯುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಇರಿಡಿಯಂ ಎಂದು ಬರೆದ ಪ್ಲಗ್‌ಗಳೆಲ್ಲ ಒಂದೇ ಅಲ್ಲ. ದೀರ್ಘ ಬಾಳಿಕೆಯ ಪ್ಲಗ್‌ಗಳಲ್ಲಿ ಹೊರಗಿನ ಬಾಗಿದ ಎಲೆಕ್ಟ್ರೋಡ್‌ನ ಮೇಲೂ ಪ್ಲಾಟಿನಂ ಅಥವಾ ಇರಿಡಿಯಂ ಚೂರನ್ನು ಬೆಸುಗೆ ಹಾಕಿರುತ್ತಾರೆ. ಮೇಲೆ ಹೇಳಿದ ಐಎಕ್ಸ್, ಇರಿಡಿಯಂ ಪವರ್ ಮಾದರಿಗಳಲ್ಲಿ ಮಧ್ಯದ ತುದಿ ಮಾತ್ರ ಇರಿಡಿಯಂ, ಹೊರಗಿನದು ನಿಕಲ್. ಆ ನಿಕಲ್ ಸವೆಯುತ್ತಲೇ ಇರುತ್ತದೆ. ಇರಿಡಿಯಂ ಹಾಕಿಸಿದ್ದೇನೆ, ಇನ್ನು ಲಕ್ಷ ಕಿ.ಮೀ. ತಿರುಗಿ ನೋಡಬೇಕಿಲ್ಲ ಎಂದುಕೊಂಡವರು ಮೋಸಹೋಗುವುದು ಇಲ್ಲಿ.

ಕೆಲವು ಎಂಜಿನ್‌ಗಳಲ್ಲಿ ಒಂದೇ ಕಾಯಿಲ್ ಎರಡು ಸಿಲಿಂಡರ್‌ಗಳಿಗೆ ಒಟ್ಟಿಗೆ ಕಿಡಿ ಕೊಡುತ್ತದೆ. ಅಂಥ ಕಡೆ ಒಂದು ಪ್ಲಗ್‌ನಲ್ಲಿ ವಿದ್ಯುತ್ ಉಲ್ಟಾ ದಿಕ್ಕಿನಲ್ಲಿ ಹರಿದು, ಹೊರಗಿನ ಎಲೆಕ್ಟ್ರೋಡ್ ಹೆಚ್ಚು ಸವೆಯುತ್ತದೆ. ಅವಕ್ಕೆ ಎರಡೂ ಬದಿಗೆ ಬೆಲೆಬಾಳುವ ಲೋಹವಿರುವ ಪ್ಲಗ್ ಸೂಕ್ತ.

ಪವರ್ ಹೆಚ್ಚುತ್ತದೆಯೇ?

ಎಂಜಿನ್‌ಗೆ ಶಕ್ತಿ ಬರುವುದು ಪೆಟ್ರೋಲ್ ಮತ್ತು ಗಾಳಿಯಿಂದ. ಕಿಡಿ ಅದಕ್ಕೆ ಬೆಂಕಿ ಹಚ್ಚುವ ಕಡ್ಡಿ ಮಾತ್ರ. ಒಲೆಗೆ ಅಗ್ಗದ ಬೆಂಕಿಪೊಟ್ಟಣದಿಂದ ಹಚ್ಚಿದರೂ ದುಬಾರಿ ಲೈಟರ್‌ನಿಂದ ಹಚ್ಚಿದರೂ ಅನ್ನ ಬೇಯುವ ವೇಗ ಅದೇ. ಮಿಶ್ರಣ ಪ್ರತಿ ಸಲವೂ ಸರಿಯಾಗಿ ಹೊತ್ತಿಕೊಳ್ಳುತ್ತಿದ್ದರೆ, ಪ್ಲಗ್ ಬದಲಿಸಿದ್ದರಿಂದ ಮಾತ್ರ ಹೊಸ ಶಕ್ತಿ ಹುಟ್ಟುವುದಿಲ್ಲ.

ಮತ್ತೆ ಇರಿಡಿಯಂ ಹಾಕಿಸಿದ ಮೇಲೆ ಪಿಕಪ್ ಚೆನ್ನಾಗಿದೆ ಎಂದು ಅಷ್ಟು ಜನ ಹೇಳುತ್ತಾರಲ್ಲ? ಅವರು ಸುಳ್ಳು ಹೇಳುತ್ತಿಲ್ಲ. ಹಳೆಯ ಪ್ಲಗ್ ಸವೆದು ಗ್ಯಾಪ್ ಅಗಲವಾಗಿ, ಆಗೊಮ್ಮೆ ಈಗೊಮ್ಮೆ ಮಿಸ್‌ಫೈರ್ ಆಗುತ್ತಿದ್ದರೆ ಹೊಸ ಪ್ಲಗ್ ಹಾಕಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಅದು ಕಳೆದುಹೋಗಿದ್ದ ಪವರ್ ಮರಳಿ ಬಂದದ್ದು, ಹೊಸದಾಗಿ ಸೇರಿದ್ದಲ್ಲ. ಅದೇ ಜಾಗದಲ್ಲಿ ಸರಿಯಾದ ಹೊಸ ನಿಕಲ್ ಪ್ಲಗ್ ಹಾಕಿದ್ದರೂ ಅವರಿಗೆ ಅದೇ ಅನುಭವ ಆಗುತ್ತಿತ್ತು. ಮೈಲೇಜ್ ಕತೆಯೂ ಇಷ್ಟೇ.

ಮೂರು ನಾಲ್ಕು ಕಾಲಿನ ಪ್ಲಗ್‌ಗಳ ಬಗ್ಗೆಯೂ ಒಂದು ಮಾತು. ಹೊರಗಿನ ಎಲೆಕ್ಟ್ರೋಡ್ ನಾಲ್ಕಿದ್ದರೆ ನಾಲ್ಕು ಕಿಡಿ ಹಾರುವುದಿಲ್ಲ. ಪ್ರತಿ ಸಲವೂ ಯಾವ ದಾರಿ ಸುಲಭವೋ ಅಲ್ಲಿಗೆ ಒಂದೇ ಕಿಡಿ. ಅಲ್ಲೂ ಲಾಭ ಇರುವುದು ಸವೆತ ಹಂಚಿಹೋಗುವುದರಲ್ಲಿ.

ಹೀಟ್ ರೇಂಜ್: ಫಾರ್ವರ್ಡ್‌ಗಳು ಮರೆಯುವ ಸಂಖ್ಯೆ

ಈಗ ನಿಜವಾದ ವಿಷಯಕ್ಕೆ ಬರೋಣ. ಪ್ಲಗ್‌ನ ತುದಿ ತುಂಬಾ ತಣ್ಣಗೂ ಇರಬಾರದು, ತುಂಬಾ ಬಿಸಿಯೂ ಆಗಬಾರದು. ಸುಮಾರು 450 ಡಿಗ್ರಿಗಿಂತ ಕೆಳಗಿದ್ದರೆ ಪಿಂಗಾಣಿಯ ಮೇಲೆ ಮಸಿ ಕೂರುತ್ತದೆ. ಮಸಿ ವಿದ್ಯುತ್ತನ್ನು ಹರಿಸುವುದರಿಂದ ಕಿಡಿ ಹಾರುವ ಬದಲು ಆ ಮಸಿಯ ಮೇಲೇ ಜಾರಿ ಹೋಗುತ್ತದೆ, ಎಂಜಿನ್ ಮಿಸ್ ಹೊಡೆಯುತ್ತದೆ. 450 ದಾಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಇನ್ನೊಂದು ತುದಿಯಲ್ಲಿ, ಸುಮಾರು 870 ಡಿಗ್ರಿಯನ್ನು ಬಹಳವಾಗಿ ಮೀರಿದರೆ ಪ್ಲಗ್‌ನ ತುದಿಯೇ ಕೆಂಡದಂತಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲ್‌ಗೆ ಬೆಂಕಿ ಹಚ್ಚುತ್ತದೆ. ಇದಕ್ಕೆ ಪ್ರೀ ಇಗ್ನಿಷನ್ ಎನ್ನುತ್ತಾರೆ. ಮೇಲಕ್ಕೆ ಬರುತ್ತಿರುವ ಪಿಸ್ಟನ್‌ನ ನೆತ್ತಿಯ ಮೇಲೆ ಸ್ಫೋಟವಾದಂತೆ. ಅಲ್ಯೂಮಿನಿಯಂ ಪಿಸ್ಟನ್ ಕರಗಿ ತೂತು ಬೀಳಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಶಾಖವನ್ನು ಬೇಗ ಹೊರಗೆ ದಾಟಿಸುವ ಪ್ಲಗ್‌ಗೆ ಕೋಲ್ಡ್ ಪ್ಲಗ್ ಎಂದೂ, ನಿಧಾನವಾಗಿ ದಾಟಿಸುವುದಕ್ಕೆ ಹಾಟ್ ಪ್ಲಗ್ ಎಂದೂ ಹೆಸರು. ವ್ಯತ್ಯಾಸ ಮುಖ್ಯವಾಗಿ ಒಳಗಿನ ಪಿಂಗಾಣಿಯ ಮೂತಿಯ ಉದ್ದದಲ್ಲಿದೆ. ಮೂತಿ ಗಿಡ್ಡವಾಗಿದ್ದರೆ ಶಾಖ ಹೋಗುವ ದಾರಿಯೂ ಗಿಡ್ಡ, ಅದು ಕೋಲ್ಡ್ ಪ್ಲಗ್. ಇದಕ್ಕೂ ತುದಿಯ ಲೋಹಕ್ಕೂ ನೇರ ಸಂಬಂಧವಿಲ್ಲ. ನಿಕಲ್‌ನಲ್ಲೂ ಇರಿಡಿಯಂನಲ್ಲೂ ಕೋಲ್ಡ್, ಹಾಟ್ ಎರಡೂ ಸಿಗುತ್ತವೆ.

ಕೋಲ್ಡ್ ಪ್ಲಗ್ ಹಾಕಿದರೆ ಎಂಜಿನ್ ತಣ್ಣಗಾಗುತ್ತದೆ ಎಂಬುದೂ ತಪ್ಪು. ತಣ್ಣಗಿರುವುದು ಪ್ಲಗ್‌ನ ತುದಿ ಮಾತ್ರ. ಎಂಜಿನ್ ತಣ್ಣಗಿಡುವುದು ರೇಡಿಯೇಟರ್‌ನ ಕೆಲಸ.

ಸಂಖ್ಯೆ ಓದುವಾಗ ಹುಷಾರು. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ, ಸಂಖ್ಯೆ ಹೆಚ್ಚಾದಷ್ಟೂ ಹಾಟ್. ಎನ್‌ಜಿಕೆಯ 6ಕ್ಕೆ ಡೆನ್ಸೊದಲ್ಲಿ 20, 7ಕ್ಕೆ 22, 8ಕ್ಕೆ 24 ಸಮ. ಬ್ರ್ಯಾಂಡ್ ಬದಲಿಸುವಾಗ ಈ ಲೆಕ್ಕ ತಪ್ಪಿದರೆ, ಕೋಲ್ಡ್ ಎಂದುಕೊಂಡು ಹಾಟ್ ಪ್ಲಗ್ ಹಾಕಿಸಿಬಿಡುವ ಅಪಾಯವಿದೆ.

ಒಂದು ನಿಜ ಉದಾಹರಣೆ: ಫೋಕ್ಸ್‌ವ್ಯಾಗನ್ ಗುಂಪಿನ 1.8 ಟರ್ಬೊ

ಫೋಕ್ಸ್‌ವ್ಯಾಗನ್ ಗುಂಪಿನ 20 ವಾಲ್ವ್‌ನ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಜಗತ್ತಿನಾದ್ಯಂತ ಟ್ಯೂನಿಂಗ್ ಮಾಡುವವರಿಗೆ ಚಿರಪರಿಚಿತ. ಗಾಲ್ಫ್, ಔಡಿ ಎ4, ಔಡಿ ಟಿಟಿ ಮೊದಲಾದ ಕಾರುಗಳಲ್ಲಿ ಬಂದ ಈ ಎಂಜಿನ್, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮೂಲಕ ನಮ್ಮ ದೇಶದ ರಸ್ತೆಗೂ ಇಳಿಯಿತು.

ಈ ಎಂಜಿನ್‌ಗೆ ಬರುತ್ತಿದ್ದ ಪ್ಲಗ್‌ಗಳಲ್ಲಿ ಒಂದು ಎನ್‌ಜಿಕೆಯ ಪಿಎಫ್‌ಆರ್6ಕ್ಯೂ. ಅದು ಪ್ಲಾಟಿನಂ ಪ್ಲಗ್, ಹೀಟ್ ರೇಂಜ್ 6. ಬೂಸ್ಟ್ ಹೆಚ್ಚಿಸಿದವರು ಹೆಚ್ಚಾಗಿ ಹಾಕಿಕೊಂಡದ್ದು ಅದೇ ಕಂಪನಿಯ ಬಿಕೆಆರ್7ಇ. ಅದು ಪ್ಲಾಟಿನಂಗಿಂತ ಎಷ್ಟೋ ಅಗ್ಗದ, ಜನ ತಾಮ್ರದ್ದು ಎನ್ನುವ ನಿಕಲ್ ತುದಿಯ ಪ್ಲಗ್.

ಪವರ್ ಹೆಚ್ಚಿಸಿದ ಮೇಲೆ ಅಗ್ಗದ ಪ್ಲಗ್ ಏಕೆ? ಹೆಸರಿನಲ್ಲೇ ಉತ್ತರವಿದೆ. 'ಬಿ' ಅಂದರೆ 14 ಮಿ.ಮೀ. ಥ್ರೆಡ್, 'ಕೆ' ಅಂದರೆ 16 ಮಿ.ಮೀ. ಪಾನಾ ಹಿಡಿಯುವ ತಲೆ, 'ಆರ್' ಅಂದರೆ ರೆಸಿಸ್ಟರ್ ಇದೆ, 'ಇ' ಅಂದರೆ 19 ಮಿ.ಮೀ. ಉದ್ದದ ಥ್ರೆಡ್. ಮಧ್ಯದ 7 ಹೀಟ್ ರೇಂಜ್, ಅಂದರೆ 6ಕ್ಕಿಂತ ಒಂದು ಹಂತ ಕೋಲ್ಡ್. ಹೆಚ್ಚಿದ ಶಾಖವನ್ನು ಹೊರಗೆ ದಾಟಿಸುವುದು ಆ 7. ಬೂಸ್ಟ್ ಜಾಸ್ತಿ ಇದ್ದಾಗ ಯಾವ ಪ್ಲಗ್ಗನ್ನಾದರೂ ಬೇಗ ಬೇಗ ಬಿಚ್ಚಿ ನೋಡಬೇಕು, ಬದಲಿಸಬೇಕು. ಹತ್ತು ಹದಿನೈದು ಸಾವಿರ ಕಿ.ಮೀ.ಗೆ ಎಸೆಯುವ ಪ್ಲಗ್‌ಗೆ ಲಕ್ಷ ಕಿ.ಮೀ. ಬಾಳಿಕೆ ಯಾತಕ್ಕೆ ಎಂಬುದು ಅವರ ಲೆಕ್ಕ. ಅದೇ ಪ್ಲಗ್‌ನ ಇರಿಡಿಯಂ ರೂಪ ಬಿಕೆಆರ್7ಇಐಎಕ್ಸ್ ಕೂಡ ಇದೆ. ಅದನ್ನು ಹಾಕಿದರೂ ತಪ್ಪಿಲ್ಲ. ಆದರೆ ರೀಮ್ಯಾಪ್ ಮಾಡಿದ ಎಂಜಿನ್‌ಗೆ 7 ಬೇಕಿದ್ದಾಗ ಇರಿಡಿಯಂ ಎಂಬ ಮೋಹಕ್ಕೆ 6ರ ಇರಿಡಿಯಂ ಹಾಕುವುದಕ್ಕಿಂತ, 7ರ ಅಗ್ಗದ ಪ್ಲಗ್ ಸಾವಿರ ಪಾಲು ಮೇಲು.

ಎಷ್ಟು ಕೋಲ್ಡ್ ಬೇಕು ಎಂಬುದಕ್ಕೆ ಎನ್‌ಜಿಕೆ ಕೊಡುವ ಅಂದಾಜು: ಎಂಜಿನ್‌ಗೆ ಸೇರಿಸಿದ ಪ್ರತಿ 75ರಿಂದ 100 ಅಶ್ವಶಕ್ತಿಗೆ ಒಂದು ಹಂತ. ಸಣ್ಣ ರೀಮ್ಯಾಪ್ ಮಾಡಿಸಿ ಎರಡು ಮೂರು ಹಂತ ಕೋಲ್ಡ್ ಹಾಕುವುದು ಅತಿಯಾಯಿತು. ದಿನವೂ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ತೆವಳುವ ಕಾರಿನಲ್ಲಿ ಅಂಥ ಪ್ಲಗ್ 450 ಡಿಗ್ರಿ ಮುಟ್ಟದೆ ಮಸಿ ಹಿಡಿಯುತ್ತದೆ. ವರ್ಷಕ್ಕೆ ಎರಡು ಸಲ ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋಗುವವರು, ಉಳಿದ ದಿನ ಓಡಿಸುವುದು ಊರಿನ ಟ್ರಾಫಿಕ್‌ನಲ್ಲೇ ಎಂಬುದನ್ನು ಮರೆಯಬಾರದು.

ಗ್ಯಾಪ್ ದೊಡ್ಡದಾದರೆ ಕಿಡಿ ದೊಡ್ಡದು, ನಿಜವೇ?

ಸಾಮಾನ್ಯ ಎಂಜಿನ್‌ನಲ್ಲಿ ಸ್ವಲ್ಪ ಮಟ್ಟಿಗೆ ನಿಜ. ಟರ್ಬೊದಲ್ಲಿ ಇದೇ ತೊಂದರೆಯ ಮೂಲ. ಗಾಳಿ ಒತ್ತಾದಷ್ಟೂ ಕಿಡಿ ಅದನ್ನು ಸೀಳಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬೂಸ್ಟ್ ಏರಿಸಿದಾಗ ಕಾಯಿಲ್‌ಗೆ ಅಷ್ಟು ವೋಲ್ಟೇಜ್ ಕೊಡಲಾಗದಿದ್ದರೆ ಕಿಡಿ ಆರಿಹೋಗುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಕಾರು ತಡವರಿಸಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅದಕ್ಕೇ ಟ್ಯೂನ್ ಮಾಡಿದ ಟರ್ಬೊ ಎಂಜಿನ್‌ಗಳಲ್ಲಿ ಗ್ಯಾಪ್ ಅನ್ನು ಸುಮಾರು 0.7 ಮಿ.ಮೀ.ಗೆ ಇಳಿಸುತ್ತಾರೆ. ಇರಿಡಿಯಂನ ತೆಳು ತುದಿಗೆ ಪರ್ಫಾರ್ಮೆನ್ಸ್ ಎಂಜಿನ್‌ನಲ್ಲಿ ನಿಜವಾದ ಬೆಲೆ ಇರುವುದೂ ಇಲ್ಲೇ: ಕಡಿಮೆ ವೋಲ್ಟೇಜ್ ಸಾಕಾಗುವುದರಿಂದ ಕಾಯಿಲ್ ಮೇಲೆ ಭಾರ ಇಳಿಯುತ್ತದೆ, ಗ್ಯಾಪ್ ಬೇಗ ಅಗಲವಾಗುವುದಿಲ್ಲ.

ಗ್ಯಾಪ್ ಸರಿಮಾಡುವಾಗ ಹೊರಗಿನ ಎಲೆಕ್ಟ್ರೋಡ್ ಅನ್ನು ಮಾತ್ರ ಬಗ್ಗಿಸಬೇಕು. ಇರಿಡಿಯಂ ಗಟ್ಟಿ, ಆದರೆ ಪೆಡಸು. ಮಧ್ಯದ ತೆಳು ತುದಿಗೆ ಗೇಜ್ ಒತ್ತಿ ಮೀಟಿದರೆ ಮುರಿದೇ ಹೋಗುತ್ತದೆ. ಕೆಳಗೆ ಬಿದ್ದ ಪ್ಲಗ್ಗನ್ನು, ಹೊರಗಿನಿಂದ ಚೆನ್ನಾಗಿ ಕಂಡರೂ, ಬಳಸದಿರುವುದೇ ಕ್ಷೇಮ. ಪಿಂಗಾಣಿ ಒಳಗೆ ಬಿರುಕು ಬಿಟ್ಟಿರಬಹುದು.

ಯಾರಿಗೆ ಯಾವುದು?

- ಕಾರಿಗೆ ಯಾವ ಬದಲಾವಣೆಯನ್ನೂ ಮಾಡಿಸದವರು: ಮ್ಯಾನ್ಯುಯಲ್‌ನಲ್ಲಿ ಬರೆದ ಪಾರ್ಟ್ ನಂಬರ್ ಹಾಕಿಸಿ. ಕಂಪನಿಯೇ ಇರಿಡಿಯಂ ಅಥವಾ ಪ್ಲಾಟಿನಂ ಹೇಳಿದ್ದರೆ ಅಗ್ಗವೆಂದು ನಿಕಲ್‌ಗೆ ಇಳಿಯಬೇಡಿ. ಸರ್ವಿಸ್ ಅವಧಿಯನ್ನು ಆ ಬಾಳಿಕೆ ನೋಡಿಯೇ ಗೊತ್ತುಮಾಡಿರುತ್ತಾರೆ.
- ಸಣ್ಣ ರೀಮ್ಯಾಪ್ ಮಾಡಿಸಿ ದಿನವೂ ಓಡಿಸುವವರು: ಟ್ಯೂನರ್ ಹೇಳಿದರೆ ಒಂದು ಹಂತ ಕೋಲ್ಡ್ ಇರುವ ಇರಿಡಿಯಂ. ಬಾಳಿಕೆಯೂ ಸಿಗುತ್ತದೆ, ಕಾಯಿಲ್‌ಗೂ ಸುಲಭ.
- ಹೆಚ್ಚು ಬೂಸ್ಟ್ ಇಟ್ಟು ಟ್ರ್ಯಾಕ್‌ನಲ್ಲಿ ಓಡಿಸುವವರು: ಸರಿಯಾದ ಹೀಟ್ ರೇಂಜ್‌ನ ನಿಕಲ್ ಪ್ಲಗ್ ಹಾಕಿ ಬೇಗ ಬೇಗ ಬದಲಿಸುವುದೂ ಒಪ್ಪುವ ದಾರಿಯೇ.
- ಬೆಳ್ಳಿ ಪ್ಲಗ್ ಎಂದು ಆಸೆಪಡುವವರು: ಬೆಳ್ಳಿ ಶಾಖ ಸಾಗಿಸುವುದರಲ್ಲಿ ತಾಮ್ರಕ್ಕಿಂತಲೂ ಮುಂದು, ಆದರೆ ಮೆತ್ತಗಿನ ಲೋಹ, 962 ಡಿಗ್ರಿಗೇ ಕರಗುತ್ತದೆ. ಸದಾ ಪ್ಲಗ್ ಬದಲಿಸುವ ರೇಸ್ ತಂಡಗಳಿಗೆ ಸರಿ, ಮನೆಯ ಕಾರಿಗೆ ಬೇಡ.

ಥ್ರೆಡ್‌ನ ಉದ್ದವನ್ನೂ ತಾಳೆ ನೋಡಿ. ಉದ್ದ ಹೆಚ್ಚಾದರೆ ಪಿಸ್ಟನ್‌ಗೆ ತಾಗಬಹುದು, ಕಡಿಮೆಯಾದರೆ ಕಿಡಿ ಗೂಡಿನೊಳಗೆ ಹಾರಿದಂತಾಗುತ್ತದೆ. ತಣ್ಣಗಿರುವ ಎಂಜಿನ್‌ಗೆ, ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ವ್ರೆಂಚ್‌ನಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿಸಿ. ಸಡಿಲ ಬಿಟ್ಟರೆ ಶಾಖ ಹೆಡ್‌ಗೆ ದಾಟುವುದಿಲ್ಲ. ಆಗ ಎಂಥ ಕೋಲ್ಡ್ ಪ್ಲಗ್ ಕೂಡ ಕೆಂಡವಾಗುತ್ತದೆ.

ಪ್ಲಗ್ ಬಿಚ್ಚಿದಾಗ ಅದೇ ಹೇಳುತ್ತದೆ

ಪಿಂಗಾಣಿಯ ಮೂತಿ ತಿಳಿ ಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ಆಯ್ಕೆ ಸರಿಯಿದೆ. ಕಪ್ಪು ಮಸಿ ಇದ್ದರೆ ಪ್ಲಗ್ ಅತಿ ಕೋಲ್ಡ್ ಇರಬಹುದು ಅಥವಾ ಪೆಟ್ರೋಲ್ ಹೆಚ್ಚು ಸುರಿಯುತ್ತಿರಬಹುದು. ಸುಣ್ಣದಂತೆ ಬಿಳಿಚಿ ಗುಳ್ಳೆ ಎದ್ದಿದ್ದರೆ ತುದಿ ಅತಿಯಾಗಿ ಕಾದಿದೆ. ಅದರ ಮೇಲೆ ಹೊಳೆಯುವ ಪುಟ್ಟ ಚುಕ್ಕೆಗಳು ಕಂಡರೆ ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಅದು ಕರಗುತ್ತಿರುವ ಪಿಸ್ಟನ್‌ನ ಅಲ್ಯೂಮಿನಿಯಂ ಆಗಿರಬಹುದು. ಈ ಹಂತದಲ್ಲಿ ಗಮನಿಸಿದರೆ ಎಂಜಿನ್ ಉಳಿಯುವ ಸಾಧ್ಯತೆ ಇದೆ. ದಾಟಿದರೆ ಎಂಜಿನ್ ಇಳಿಸಿ ಬಿಚ್ಚಬೇಕು, ಬಿಲ್ಲು ಲಕ್ಷದಲ್ಲಿ ಬಂದರೂ ಆಶ್ಚರ್ಯವಿಲ್ಲ.

ಕೊನೆಯದಾಗಿ, ನಕಲಿ ಪ್ಲಗ್. ದುಬಾರಿ ಲೋಹದ ಹೆಸರಿದ್ದ ಕಡೆ ನಕಲಿಯೂ ಇರುತ್ತದೆ. ಬೆಲೆ ನಂಬಲಾರದಷ್ಟು ಕಡಿಮೆಯಿದ್ದರೆ, ಅಕ್ಷರ ಮಸುಕಾಗಿದ್ದರೆ, ತುದಿ ಓರೆಯಾಗಿದ್ದರೆ, ವಾಷರ್ ಕಳಚಿ ಬರುತ್ತಿದ್ದರೆ ಕೊಳ್ಳಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಬಿಲ್ ಪಡೆಯಿರಿ. ಅಂಗಡಿಯಲ್ಲಿ ಇರಿಡಿಯಂ ಕೊಡಿ ಎಂದು ಕೇಳುವ ಬದಲು ಪೂರ್ತಿ ಪಾರ್ಟ್ ನಂಬರ್ ಹೇಳಿ.

ನಮ್ಮ ತೀರ್ಮಾನ

ಇರಿಡಿಯಂ ಪ್ಲಗ್ ಹಾಕಿದರೆ ಪವರ್ ಹೆಚ್ಚುತ್ತದೆ ಎಂಬುದು ದಾರಿ ತಪ್ಪಿಸುವ ಮಾತು. ತಾಮ್ರವೇ ಶ್ರೇಷ್ಠ ಎಂಬುದೂ ಅರ್ಧಸತ್ಯ. ಮೊದಲು ಹೀಟ್ ರೇಂಜ್, ಆಮೇಲೆ ಗ್ಯಾಪ್, ಕೊನೆಗೆ ಲೋಹ. ಈ ಸರದಿಯಲ್ಲಿ ಆರಿಸಿದರೆ ದುಡ್ಡೂ ಉಳಿಯುತ್ತದೆ, ಎಂಜಿನ್ನೂ ಉಳಿಯುತ್ತದೆ. ನಿಮ್ಮ ಗುಂಪಿಗೆ ಮುಂದಿನ ಸಲ ಪ್ಲಗ್ ಬಗ್ಗೆ ಫಾರ್ವರ್ಡ್ ಬಂದರೆ ಒಂದೇ ಪ್ರಶ್ನೆ ಕೇಳಿ: ಯಾವ ಎಂಜಿನ್‌ಗೆ, ಯಾವ ಹೀಟ್ ರೇಂಜ್? ಅದಕ್ಕೆ ಉತ್ತರ ಇಲ್ಲದಿದ್ದರೆ ಆ ಮೆಸೇಜನ್ನು ಮುಂದೆ ಕಳಿಸಬೇಡಿ.